ಸಾರನ್ನ ತಿನ್ನುವಾಗ ಮಗುವಿಗೆ ಕೆಮ್ಮು

ನಿಮ್ಮ ಒಂದೂವರೆ ವರ್ಷದ ಮಗುವಿಗೆ ಇಡ್ಲಿ ತಿನ್ನುವಾಗ ಬಾರದ ಕೆಮ್ಮು ಸಾರನ್ನಕ್ಕೆ ಮಾತ್ರ ಬರುತ್ತದೆ ಅಂದರೆ ಬಹುಶಃ ಕಾರಣ ತೆಳು ಸಾರೇ: ಮಗು ಅಗುಳು ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಜಾರಿಬಿಡುತ್ತದೆ. ಮೊದಲು ಅನ್ನಕ್ಕೆ ಬೇಳೆ ಹಾಕಿ ಗಟ್ಟಿಯಾಗಿ ಕಿವುಚಿ; ಚಮಚ ಓರೆ ಮಾಡಿದರೂ ಸುರಿಯಬಾರದು. ಬೆನ್ನು ನೆಟ್ಟಗಿದ್ದು ಪಾದಕ್ಕೆ ಆಸರೆ ಸಿಗುವಂತೆ ಕೂರಿಸಿ. ತೊಡೆ ಮೇಲೆ ಒರಗಿಸಿಕೊಂಡು, ಫೋನ್ ತೋರಿಸುತ್ತಾ ತುರುಕಲೇಬೇಡಿ. ಅರ್ಧ ಚಮಚ ಕೊಟ್ಟು, ಬಾಯಿ ಖಾಲಿಯಾದ ಮೇಲೆ ಇನ್ನೊಂದು. ನೀರು ತುತ್ತಿನ ಜೊತೆಗೆ ಬೇಡ, ಆಮೇಲೆ ಗುಟುಕು ಗುಟುಕಾಗಿ. ಕೆಮ್ಮಿದರೆ ಕೆಮ್ಮಲು ಬಿಡಿ, ಬೆರಳು ಹಾಕಬೇಡಿ.

ವಾರದಲ್ಲಿ ಕಡಿಮೆಯಾಗದಿದ್ದರೆ ನನ್ನ ಊಹೆ ತಪ್ಪು. ಬರೀ ನೀರಿಗೂ ಕೆಮ್ಮಿದರೆ, ಊಟವಾದ ಮೇಲೆ ದನಿ ಗೊರಗೊರ ಅಂದರೆ, ಪದೇಪದೇ ಜ್ವರ-ಕಫ ಬಂದರೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ನುಂಗುವಿಕೆಯ ಪರೀಕ್ಷೆ ಬೇಕೇ ಎಂದು ಕೇಳಿ. ಕಡಲೆಬೀಜ ತಿಂದ ಮೇಲೆ ದಿಢೀರ್ ಶುರುವಾದ ಕೆಮ್ಮಾಗಿದ್ದರೆ ಇವತ್ತೇ ಆಸ್ಪತ್ರೆಗೆ ಹೊರಡಿ.