ಗರಿ ಯಾರದು, ಮಾತು ಯಾರದು?

ಓದುಗರ ಪ್ರಶ್ನೆ – ಬಲ್ಲವರ ಉತ್ತರ. ಈ ಬಾರಿ ವೆಸ್ಟರ್ನ್ ಚಿತ್ರಗಳು ಮತ್ತು ಅಮೆರಿಕದ ಮೂಲನಿವಾಸಿಗಳು.

ಪ್ರಶ್ನೆ: ಹಳೆಯ ಕೌಬಾಯ್ ಸಿನಿಮಾಗಳ ರೆಡ್ ಇಂಡಿಯನ್ನರೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದಂತಿರುತ್ತಾರೆ. ತಲೆ ತುಂಬ ಗರಿ, ಹಣೆಗೊಂದು ಪಟ್ಟಿ, ಹಿಂದೆ ಚೂಪು ಗುಡಾರ. ನಿಜಕ್ಕೂ ಹಾಗೆಯೇ ಇದ್ದರೇ?

ಉತ್ತರ: ಕೆಲವರು, ಕೆಲವು ಸಂದರ್ಭಗಳಲ್ಲಿ ಮಾತ್ರ. ಅಮೆರಿಕ ಸರ್ಕಾರದ ಮಾನ್ಯತೆ ಇರುವ ಬುಡಕಟ್ಟುಗಳೇ ಇಂದು 570ಕ್ಕೂ ಹೆಚ್ಚು. ಹದ್ದಿನ ಗರಿಯ ದೊಡ್ಡ ಕಿರೀಟ ಲಕೋಟ, ಶಾಯೆನ್ ಮುಂತಾದ, ಅಮೆರಿಕ ದೇಶದ ನಡುಭಾಗದ ಹುಲ್ಲುಗಾವಲಿನ ಜನರದು. ಅಲ್ಲಿಯೂ ಅದು ದಿನನಿತ್ಯದ ಉಡುಪಲ್ಲ. ಒಂದೊಂದು ಗರಿಯನ್ನೂ ಸಾಹಸದಿಂದ ಸಂಪಾದಿಸಬೇಕಿತ್ತು. ಚೂಪು ಗುಡಾರ, ಅಂದರೆ ಟೀಪಿ, ಕಾಡೆಮ್ಮೆಯ ಬೆನ್ನುಹತ್ತಿ ಅಲೆಯುತ್ತಿದ್ದ ಅದೇ ಸೀಮೆಯ ಜನರಿಗೆ ಹೇಳಿ ಮಾಡಿಸಿದ ಮನೆ: ಕಂಬ ಕಿತ್ತು, ಚರ್ಮ ಸುತ್ತಿ, ಕುದುರೆಯ ಹಿಂದೆ ಎಳೆದುಕೊಂಡು ಹೋಗಬಹುದು. ಅಪಾಚಿಗಳು ಹೆಚ್ಚಾಗಿ ಕಟ್ಟುತ್ತಿದ್ದದ್ದು ಕೊಂಬೆ ಬಾಗಿಸಿ ಹುಲ್ಲು ಹೊದಿಸಿದ ಗುಮ್ಮಟದಂಥ ವಿಕಿಯಪ್. ನವಾಹೊ ಜನರ ಹೋಗನ್ ಮರದ ದಿಮ್ಮಿ ಮತ್ತು ಮಣ್ಣಿನದು, ಬಾಗಿಲು ಪೂರ್ವಕ್ಕೆ. ಮುಖಗಳನ್ನು ಕೆತ್ತಿದ ಟೋಟೆಮ್ ಕಂಬ ವಾಯವ್ಯ ಕರಾವಳಿಯದು; ಮರುಭೂಮಿಯ ದೃಶ್ಯದಲ್ಲಿ ಅದು ಕಂಡರೆ ಕಲಾ ವಿಭಾಗ ತಪ್ಪಿದೆ ಎಂದೇ ಅರ್ಥ.

ಈ ಕಲಬೆರಕೆ ಸಿನಿಮಾಕ್ಕಿಂತ ಹಳೆಯದು. 1883ರಲ್ಲಿ ಶುರುವಾದ ಬಫಲೋ ಬಿಲ್‌ನ ವೈಲ್ಡ್ ವೆಸ್ಟ್ ಪ್ರದರ್ಶನ ಲಕೋಟ ಸವಾರರನ್ನು ಊರೂರಿಗೆ, ಯುರೋಪಿಗೂ ಕರೆದೊಯ್ದಿತು. ಜನರ ಕಣ್ಣಿಗೆ ‘ಇಂಡಿಯನ್’ ಎಂದರೆ ಆ ವೇಷವೇ ಎಂದಾಯಿತು, ಸ್ಟುಡಿಯೋಗಳು ಅದನ್ನೇ ಹೊಲಿಸಿದವು. ಹಣೆಪಟ್ಟಿಗೆ ಸ್ಟುಡಿಯೋದಲ್ಲಿ ಬೇರೊಂದು ಉಪಯೋಗವೂ ಇತ್ತು: ಕುದುರೆ ಓಡಿಸುವಾಗ, ಬೀಳುವಾಗ ನಟನ ಉದ್ದಗೂದಲಿನ ವಿಗ್ ಜಾರದಂತೆ ಹಿಡಿಯುವುದು. ಅಪಾಚಿ ಗಂಡಸರು ಬಟ್ಟೆಯ ಪಟ್ಟಿ ಕಟ್ಟುತ್ತಿದ್ದದ್ದು ನಿಜ. ಆದ್ದರಿಂದ ಪಟ್ಟಿ ಕಂಡ ಕೂಡಲೇ ತಪ್ಪು ಎನ್ನಬೇಡಿ. ಅದು ಯಾರ ತಲೆಯ ಮೇಲಿದೆ ಎಂದು ಮೊದಲು ನೋಡಿ.

ಅಂದಹಾಗೆ, ‘ರೆಡ್ ಇಂಡಿಯನ್’ ಎಂಬ ಮಾತನ್ನು ಬಿಡುವುದು ಒಳ್ಳೆಯದು. ಬುಡಕಟ್ಟಿನ ಹೆಸರು ಗೊತ್ತಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಮೂಲನಿವಾಸಿ ಎನ್ನಿ. ಬರೀ ‘ಇಂಡಿಯನ್’ ಎಂಬ ಪದ ಅಮೆರಿಕದ ಕಾನೂನಿನಲ್ಲೂ ಅವರಲ್ಲೇ ಅನೇಕರ ಬಾಯಲ್ಲೂ ಈಗಲೂ ಇದೆ. ಕನ್ನಡದಲ್ಲಿ ಅದು ನಮ್ಮನ್ನೇ ಕರೆದಂತಾಗುತ್ತದೆ, ಅಷ್ಟೇ.

ಪ್ರಶ್ನೆ: ಆ ಚಿತ್ರಗಳಲ್ಲಿ ಅವರು ಆಡುವ ಭಾಷೆ ನಿಜವಾದದ್ದೇ?

ಉತ್ತರ: ಬಹಳ ಸಲ ಅಲ್ಲ. ಅಗ್ಗದ ದಾರಿ ಎಂದರೆ ವಿಭಕ್ತಿ ಕಳಚಿದ ಮುರುಕಲು ಇಂಗ್ಲಿಷ್. 1939ರ ‘ಸ್ಕೌಟ್ಸ್ ಟು ದಿ ರೆಸ್ಕ್ಯೂ’ ಸರಣಿಯಲ್ಲಿ ಇನ್ನೂ ಸುಲಭದ ಉಪಾಯ ಹೂಡಿದರು: ಇಂಗ್ಲಿಷ್ ಮಾತನ್ನು ಮುದ್ರಿಸಿ ಹಿಂದುಮುಂದಾಗಿ ಓಡಿಸಿದರು.

ಮೂರನೆಯ ದಾರಿ, ಚಿತ್ರೀಕರಣದ ಜಾಗದಲ್ಲಿ ಯಾರಿದ್ದರೋ ಅವರ ಭಾಷೆಯನ್ನೇ ಬಳಸುವುದು. ವೆಸ್ಟರ್ನ್ ಚಿತ್ರಗಳ ನಿರ್ದೇಶಕ ಜಾನ್ ಫೋರ್ಡ್ ಮತ್ತೆ ಮತ್ತೆ ಹೋಗುತ್ತಿದ್ದ ಮಾನ್ಯುಮೆಂಟ್ ವ್ಯಾಲಿ ಯೂಟಾ–ಅರಿಜೋನಾ ಗಡಿಯಲ್ಲಿದೆ, ನವಾಹೊ ಜನರ ನೆಲ. ಹಾಗಾಗಿ ಕಥೆ ಅಪಾಚಿಗಳದಾಗಲಿ ಕೊಮಾಂಚಿಗಳದಾಗಲಿ, ಪರದೆಯ ಮೇಲೆ ಕುದುರೆ ಏರಿದವರು ನವಾಹೊಗಳೇ. ಅಪಾಚಿ ಮತ್ತು ನವಾಹೊ ಒಂದೇ ಭಾಷಾಕುಟುಂಬದವು, ಅಲ್ಲಿ ಒಂದಿಷ್ಟು ಸಮರ್ಥನೆಯಾದರೂ ಸಿಗಬಹುದು. 1964ರ ‘ಶಾಯೆನ್ ಆಟಮ್’ ಚಿತ್ರಕ್ಕೆ ಆ ನೆಪವೂ ಇಲ್ಲ. ಶಾಯೆನ್ ಅಲ್ಗಾಂಕ್ವಿಯನ್ ಕುಟುಂಬದ ಭಾಷೆ, ನವಾಹೊಗೂ ಅದಕ್ಕೂ ನಂಟಿಲ್ಲ. ಗಂಭೀರ ದೃಶ್ಯಗಳಲ್ಲಿ ನವಾಹೊ ನಟರು ತಮ್ಮ ಭಾಷೆಯಲ್ಲಿ ಪೋಲಿ ಚೇಷ್ಟೆಯ ಮಾತು ಸೇರಿಸಿಬಿಟ್ಟರು. ನವಾಹೊ ಪ್ರೇಕ್ಷಕರು ಅಳಬೇಕಾದಲ್ಲಿ ಬಿದ್ದು ಬಿದ್ದು ನಕ್ಕರು.

ಪ್ರಾಮಾಣಿಕವಾಗಿ ಯತ್ನಿಸಿದರೂ ಎಡವುವುದುಂಟು. 7 ಆಸ್ಕರ್ ಗೆದ್ದ ‘ಡಾನ್ಸಸ್ ವಿತ್ ವುಲ್ವ್ಸ್’ (1990) ಸಂಭಾಷಣೆಯ ಗಣನೀಯ ಭಾಗವನ್ನು ಲಕೋಟ ಭಾಷೆಯಲ್ಲಿಟ್ಟಿತು. ಕನ್ನಡದಲ್ಲಿ ‘ಬಂದನು, ಬಂದಳು’ ಬದಲಾಗುವುದು ಬಂದವರನ್ನು ನೋಡಿ. ಲಕೋಟದಲ್ಲಿ ವಾಕ್ಯದ ಕೊನೆಯ ಪ್ರತ್ಯಯ ಬದಲಾಗುವುದು ಮಾತಾಡುವವರು ಗಂಡೋ ಹೆಣ್ಣೋ ಎಂಬುದನ್ನು ನೋಡಿ. ಭಾಷೆ ಕಲಿಸಿದವರು ಮಹಿಳೆ. ಯೋಧರ ಪಾತ್ರಧಾರಿಗಳ ಬಾಯಲ್ಲಿ ಹೆಂಗಸರ ಮಾತಿನ ರೂಪಗಳು ಬಂದವು, ಲಕೋಟ ಬಲ್ಲವರು ಅದನ್ನು ಹಿಡಿದು ಆಡಿಕೊಂಡರು.

2022ರ ‘ಪ್ರೇ’ ಚಿತ್ರದ ಇಡೀ ಸಂಭಾಷಣೆ ಕೊಮಾಂಚಿ ಡಬ್ಬಿಂಗ್‌ನಲ್ಲೂ ಇದೆ. ನೋಡುವುದಾದರೆ ಆಡಿಯೋ ಆಯ್ಕೆಯಲ್ಲಿ ಅದನ್ನೇ ಹಾಕಿಕೊಳ್ಳಿ.

ಪ್ರಶ್ನೆ: ಮುಖ್ಯ ಪಾತ್ರಗಳಿಗೆ ಬಿಳಿಯರನ್ನೇ ಏಕೆ ಹಾಕುತ್ತಿದ್ದರು? ಮೂಲನಿವಾಸಿ ನಟರು ಸಿಗುತ್ತಿರಲಿಲ್ಲವೇ?

ಉತ್ತರ: ಸಿಗುತ್ತಿದ್ದರು. 1920ರ ಮೂಕಿ ಚಿತ್ರ ‘ದಿ ಡಾಟರ್ ಆಫ್ ಡಾನ್’ ಒಕ್ಲಹೋಮದಲ್ಲಿ ಕಯೋವಾ ಮತ್ತು ಕೊಮಾಂಚಿ ಜನರನ್ನೇ ಇಟ್ಟುಕೊಂಡು ತೆಗೆದದ್ದು. ಆಮೇಲೆ ಸ್ಟುಡಿಯೋಗಳ ಲೆಕ್ಕಾಚಾರ ಗೆದ್ದಿತು: ಹೆಸರಿರುವ ಪಾತ್ರ ಒಪ್ಪಂದದ ನಟನಿಗೆ, ಗುಂಪಿನ ದೃಶ್ಯ ಸ್ಥಳೀಯರಿಗೆ. ‘ಬ್ರೋಕನ್ ಆ್ಯರೋ’ (1950) ಅಪಾಚಿಗಳನ್ನು ಸಹಾನುಭೂತಿಯಿಂದ ಕಂಡ ಚಿತ್ರವೆಂದು ಹೊಗಳಿಸಿಕೊಂಡಿತು. ಅದರಲ್ಲಿ ಅಪಾಚಿ ನಾಯಕ ಕೊಚೀಸ್ ಆದವರು ಬಿಳಿಯ ನಟ ಜೆಫ್ ಚಾಂಡ್ಲರ್. ನಿಜವಾದ ಮೂಲನಿವಾಸಿ, ಮೋಹಾಕ್ ಬುಡಕಟ್ಟಿನ ನಟ ಜೇ ಸಿಲ್ವರ್‌ಹೀಲ್ಸ್‌ಗೆ ಸಿಕ್ಕಿದ್ದು ಜೆರೊನಿಮೋನ ಸಣ್ಣ ಪಾತ್ರ. ‘ದಿ ಸರ್ಚರ್ಸ್’ (1956) ಚಿತ್ರದ ಕೊಮಾಂಚಿ ಮುಖಂಡನನ್ನು ಹತ್ತಿರದ ಶಾಟ್‌ನಲ್ಲಿ ನೋಡಿ: ನೀಲಿ ಕಣ್ಣು. ನಟ ಹೆನ್ರಿ ಬ್ರಾಂಡನ್ ಹುಟ್ಟಿದ್ದು ಜರ್ಮನಿಯಲ್ಲಿ. ಮೇಕಪ್ ಚರ್ಮಕ್ಕೆ ಬಣ್ಣ ಬಳಿಯಬಲ್ಲದು, ಕಣ್ಣಿಗಲ್ಲ.

ಪ್ರಶ್ನೆ: ನಮ್ಮ ಚಿತ್ರಸಮಾಜದಲ್ಲಿ ಈ ವಿಷಯದ ಮೇಲೆ ಎರಡು ದಿನ ಚಿತ್ರ ತೋರಿಸಿ ಚರ್ಚೆ ಮಾಡಬೇಕೆಂದಿದ್ದೇವೆ. ಯಾವುದು ಮೊದಲು?

ಉತ್ತರ: ಮೊದಲ ದಿನ ‘ಸ್ಟೇಜ್‌ಕೋಚ್’ (1939, 96 ನಿಮಿಷ). ಶುರುವಾಗುವ ಮುನ್ನ ಒಂದೇ ಕೆಲಸ ಕೊಡಿ: ದಾಳಿ ಮಾಡುವ ಅಪಾಚಿಗಳು ಎಷ್ಟು ವಾಕ್ಯ ಆಡುತ್ತಾರೆ ಎಂದು ಎಣಿಸಲಿ. ಚೀಟಿಗಳು ಖಾಲಿ ಬಂದಾಗ ಮಾತು ತಾನಾಗಿ ಹೊರಡುತ್ತದೆ. ದಾರಿಯ ಠಾಣೆಯವನ ಅಪಾಚಿ ಹೆಂಡತಿಯ ಪಾತ್ರಧಾರಿ ಮೆಕ್ಸಿಕೋದ ಗಾಯಕಿ, ಹಾಡುವುದು ಸ್ಪ್ಯಾನಿಷ್‌ನಲ್ಲಿ ಎಂಬುದನ್ನೂ ಗಮನಿಸಲಿ. ಕೊನೆಯ ಬೆನ್ನಟ್ಟುವ ದೃಶ್ಯ ಅದ್ಭುತವಾಗಿದೆ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಿ. ಅದು ಅಷ್ಟು ಚೆನ್ನಾಗಿರುವುದರಿಂದಲೇ ಅದರ ಚಿತ್ರಣ ಇಷ್ಟು ಗಟ್ಟಿಯಾಗಿ ಉಳಿದದ್ದು.

ಎರಡನೆಯ ದಿನ ‘ಸ್ಮೋಕ್ ಸಿಗ್ನಲ್ಸ್’ (1998, ಸುಮಾರು ಒಂದೂವರೆ ಗಂಟೆ). ಬರೆದವರು, ನಿರ್ದೇಶಿಸಿದವರು, ನಟಿಸಿದವರು ಮೂಲನಿವಾಸಿಗಳು. ಇದರ ಪಾತ್ರಗಳು ಟಿವಿಯಲ್ಲಿ ವೆಸ್ಟರ್ನ್ ನೋಡುತ್ತ ಕೂರುತ್ತವೆ, ‘ಸ್ಟೇಜ್‌ಕೋಚ್’ನ ನಾಯಕನಟ ಜಾನ್ ವೇಯ್ನ್‌ನನ್ನು ಹಾಡು ಕಟ್ಟಿ ಗೇಲಿ ಮಾಡುತ್ತವೆ. ಮೊದಲ ದಿನ ‘ಸ್ಟೇಜ್‌ಕೋಚ್’ ನೋಡಿರದಿದ್ದರೆ ಆ ನಗೆಯ ಅರ್ಧ ಸೋರಿಹೋಗುತ್ತದೆ, ಕ್ರಮ ತಿರುಗಿಸಬೇಡಿ. ಸಮಯವಿದ್ದರೆ ಕೆನಡಾದ ‘ಅಟನಾರ್ಜುವಾಟ್’ ಸೇರಿಸಿ. ಪೂರ್ತಿ ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿದೆ, 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶಕರ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿ ಗೆದ್ದಿದೆ. ಮೂರು ಗಂಟೆಗೆ ಹತ್ತಿರದ ಚಿತ್ರ, ನಡುವೆ ಬಿಡುವು ಬೇಕು. ಮೊದಲ ಅರ್ಧ ಗಂಟೆ ಯಾರು ಯಾರ ಮಗ ಎಂದು ತಿಳಿಯದೆ ಜನ ಎದ್ದುಹೋಗುತ್ತಾರೆ. ಪಾತ್ರಗಳ ಹೆಸರು, ಸಂಬಂಧ ಬರೆದ ಒಂದು ಹಾಳೆ ಹಂಚಿ.

ಇಂಥ ಚರ್ಚೆಗಳು ಸಾಮಾನ್ಯವಾಗಿ ಕೆಡುವುದು ‘ಕೆಟ್ಟವರಾಗಿ ತೋರಿಸಿದ್ದಾರೋ ಒಳ್ಳೆಯವರಾಗಿಯೋ’ ಎಂಬಲ್ಲಿ ಸಿಕ್ಕಿಕೊಂಡು. ಬಿಳಿಯರು ಯಾರೂ ಇಲ್ಲದ ದೃಶ್ಯದಲ್ಲಿ ಇಬ್ಬರು ಮೂಲನಿವಾಸಿಗಳು ಪರಸ್ಪರ ಮಾತಾಡುತ್ತಾರೆಯೇ ಎಂದು ಕೇಳಿ ನೋಡಿ. ಸಬ್‌ಟೈಟಲನ್ನೂ ಮುಂಚೆಯೇ ಪರೀಕ್ಷಿಸಿ: ಬುಡಕಟ್ಟಿನ ಮಾತು ಬಂದಾಗ ಅನುವಾದದ ಬದಲು ‘ಸ್ಥಳೀಯ ಭಾಷೆಯಲ್ಲಿ ಮಾತು’ ಎಂದಷ್ಟೇ ತೋರಿಸುವ ಪ್ರತಿ ಕೈಗೆ ಸಿಕ್ಕರೆ ಬೇರೆ ಪ್ರತಿ ಹುಡುಕಿ.