40 ಸಾವಿರದಲ್ಲಿ ರೇಸಿಂಗ್, ಫ್ಲೈಟ್ ಎರಡಕ್ಕೂ ಒಂದೇ ರಿಗ್ ಕಟ್ಟಬಹುದಾ?

ಖಂಡಿತ ಕಟ್ಟಬಹುದು. ರಿಗ್ ಅಂದರೆ ಸೀಟು, ಸ್ಟೀರಿಂಗ್, ಪೆಡಲ್, ಸ್ಟಿಕ್ ಎಲ್ಲ ಕೂರಿಸಿ ಮನೆಯಲ್ಲೇ ಗೇಮ್ ಆಡುವ ಚೌಕಟ್ಟು. ನೀವು ಬೀದರಿನವರು, ಪಿಸಿ ಮತ್ತು 32 ಇಂಚಿನ ಟಿವಿ ಆಗಲೇ ಮನೆಯಲ್ಲಿದೆ, ಕೈಯಲ್ಲಿ 40 ಸಾವಿರ ಇದೆ. ಡೈರೆಕ್ಟ್ ಡ್ರೈವ್ ವ್ಹೀಲ್ (ಮೋಟರಿಗೇ ನೇರ ಜೋಡಿಸಿದ ದುಬಾರಿ ಗೇಮಿಂಗ್ ಸ್ಟೀರಿಂಗ್) ತಗೊಳ್ಳೋಕೆ ಇನ್ನೊಂದು ವರ್ಷ ದುಡ್ಡು ಕೂಡಿಸಲಾ ಅಂತ ಕೇಳಿದ್ದೀರಿ. ಬೇಡ, ಈಗಲೇ ಶುರು ಮಾಡಿ. ನಾನು ಕಲಬುರಗಿಯಲ್ಲಿ ನನ್ನ ರಿಗ್ಗನ್ನು ಇಲ್ಲಿನ ಗುಜರಿ ಮತ್ತು ವೆಲ್ಡಿಂಗ್ ಅಂಗಡಿಗಳನ್ನು ನಂಬಿಕೊಂಡೇ ಕಟ್ಟಿದೆ. ದುಡ್ಡು ಮೊದಲು ಬ್ರೇಕಿಗೆ ಹೋಗಲಿ, ಆ ಬ್ರೇಕನ್ನು ಅಲುಗಾಡದಂತೆ ಹಿಡಿಯುವ ಫ್ರೇಮಿಗೆ ಹೋಗಲಿ. ದುಬಾರಿ ವ್ಹೀಲ್ ಆಮೇಲೆ ನೋಡೋಣ.

ಕಾರಣ ಹೇಳುತ್ತೇನೆ. ನಿಜವಾದ ಕಾರಿನಲ್ಲಿ ಬ್ರೇಕ್ ಪೆಡಲ್ ಸ್ವಲ್ಪ ಒಳಗೆ ಹೋಗಿ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಕಾಲು ಕೊಡುವುದು ಒತ್ತಡ ಮಾತ್ರ. ಕಡಿಮೆ ಬೆಲೆಯ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಪೊಟೆನ್ಶಿಯೋಮೀಟರ್. ಪೆಡಲ್ ಎಷ್ಟು ದೂರ ಸರಿಯಿತು ಎಂಬುದನ್ನಷ್ಟೇ ಅದು ನೋಡುತ್ತದೆ. ಕಾಲಿಗೆ ದೂರಕ್ಕಿಂತ ಬಲ ಚೆನ್ನಾಗಿ ನೆನಪಿರುತ್ತದೆ. ಆ ಬಲವನ್ನು ಅಳೆಯುವುದು ಲೋಡ್ ಸೆಲ್. ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸಿಂಗ್ ಗೇಮಿನಲ್ಲಿ ಪ್ರತಿ ಸುತ್ತಿನಲ್ಲೂ ಅದೇ ತಿರುವಿಗೆ ಅಷ್ಟೇ ಬ್ರೇಕ್ ಹಾಕಲು ಬಂದರೆ ನಿಮ್ಮ ಸಮಯ ತಾನಾಗಿ ಇಳಿಯುತ್ತದೆ. ವ್ಹೀಲ್ ಮೋಟರ್ ಎಷ್ಟೇ ಶಕ್ತಿಯದಿದ್ದರೂ ಈ ಕೆಲಸ ಮಾಡಿಕೊಡುವುದಿಲ್ಲ.

ಹಾಗಾಗಿ ವ್ಹೀಲ್ ಹಳೆಯದೇ ಸಾಕು. ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ಹುಡುಕಿ. 900 ಡಿಗ್ರಿ ತಿರುಗುತ್ತದೆ, ಒಳಗೆ ಗೇರ್ ಇರುವುದರಿಂದ ಸ್ವಲ್ಪ ಕಟಕಟ ಸದ್ದು ಇರುತ್ತದೆ, ಆದರೆ ಗಟ್ಟಿ ವಸ್ತು. 15-16 ಸಾವಿರದ ಒಳಗೆ ಸಿಕ್ಕರೆ ಬಿಡಬೇಡಿ. ದುಡ್ಡು ಕೊಡುವ ಮುಂಚೆ ಪವರ್ ಕೊಟ್ಟು ನೋಡಿ. ಅದು ತಾನೇ ಎರಡೂ ಕಡೆ ಪೂರ್ತಿ ತಿರುಗಿ ಮಧ್ಯಕ್ಕೆ ಬಂದು ನಿಲ್ಲಬೇಕು. ಮಧ್ಯಕ್ಕೆ ಬರದೆ ವಾಲಿ ನಿಂತರೆ ತಗೊಳ್ಳಬೇಡಿ.

ಈಗ ಲೋಡ್ ಸೆಲ್. ನಮ್ಮ ನೆಹರೂ ಗಂಜಿನಲ್ಲಿ ತೊಗರಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆಯಲ್ಲ, ಅದರೊಳಗಿರುವುದೂ ಇದೇ. ತಕ್ಕಡಿ ರಿಪೇರಿ ಮಾಡುವವರ ಹತ್ತಿರ ಕೇಳಿದರೆ ಅಲ್ಯೂಮಿನಿಯಂ ಪಟ್ಟಿಯಂಥ ಹಳೆಯ ಸೆಲ್ ಸಿಗುತ್ತದೆ. 100 ಕೆಜಿ ಅಥವಾ 200 ಕೆಜಿಯದು ತಗೊಳ್ಳಿ. ಇದಕ್ಕೆ ಸೆಲ್ಲಿನ ಸಣ್ಣ ಸಂಕೇತವನ್ನು ಅಂಕಿಯಾಗಿ ಓದುವ ಎಚ್‌ಎಕ್ಸ್711 ಎಂಬ ಚಿಕ್ಕ ಬೋರ್ಡು ಮತ್ತು ಅದನ್ನು ಪಿಸಿಗೆ ಕಳಿಸುವ ಆರ್ಡುಯಿನೋ ಪ್ರೋ ಮೈಕ್ರೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡು ಬೇಕು. ಆರ್ಡುಯಿನೋದ್ದೇ ಇನ್ನೊಂದು ಬೋರ್ಡಾದ ಊನೋ ತಗೊಳ್ಳಬೇಡಿ. ಪ್ರೋ ಮೈಕ್ರೋದಲ್ಲಿರುವ 32ಯು4 ಚಿಪ್ ನೇರವಾಗಿ ಯುಎಸ್‌ಬಿ ಜಾಯ್‌ಸ್ಟಿಕ್ ಆಗಿ ಪಿಸಿಗೆ ಕಾಣುತ್ತದೆ, ಊನೋ ಹಾಗೆ ಸುಲಭವಾಗಿ ಕಾಣುವುದಿಲ್ಲ.

ಒಂದು ಮುಖ್ಯ ವಿಷಯ ಬಹಳ ಜನ ಹೇಳುವುದಿಲ್ಲ. ಎಚ್‌ಎಕ್ಸ್711 ಬೋರ್ಡು ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಮಾತ್ರ ಅಳೆಯುವಂತೆ ಸೆಟ್ ಆಗಿ ಬರುತ್ತದೆ. ತೂಕ ನೋಡೋಕೆ ಅಷ್ಟು ಸಾಕು, ಬ್ರೇಕಿಗೆ ಸಾಲದು. ಆ ಬೋರ್ಡಿನ ಚಿಪ್ಪಿನ 15ನೇ ಕಾಲು ಈ ವೇಗ ನಿರ್ಧರಿಸುವ ರೇಟ್ ಪಿನ್. ಅದನ್ನು ಗ್ರೌಂಡ್‌ನಿಂದ ಬಿಡಿಸಿ ಪವರ್ ಕಡೆ ಜೋಡಿಸಿದರೆ ಸೆಕೆಂಡಿಗೆ 80 ಸಲ ಅಳೆಯುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರು ಇದನ್ನು ಸಣ್ಣ ಬೆಸುಗೆಯಲ್ಲಿ ಮಾಡಿಕೊಡುತ್ತಾರೆ. ಪೆಡಲ್ಲಿಗೂ ಸೆಲ್ಲಿಗೂ ನಡುವೆ ಬೈಕ್ ಸ್ಪೇರ್ಸ್ ಅಂಗಡಿಯ ಗಟ್ಟಿ ರಬ್ಬರ್ ಬುಷ್ ಹಾಕಿ. ಸೆಲ್ಲು, ಬೋರ್ಡು, ಬುಷ್ಷು ಎಲ್ಲಾ ಸೇರಿ ನನಗೆ 2 ಸಾವಿರ ದಾಟಲಿಲ್ಲ.

ಬ್ರೇಕ್ ಗಟ್ಟಿಯಾದ ಕೂಡಲೇ ಗಾಲಿ ಕುರ್ಚಿ ಹಿಂದೆ ಓಡುತ್ತದೆ, ಟೇಬಲ್ ಅಲುಗಾಡುತ್ತದೆ. ಅದಕ್ಕೇ ಫ್ರೇಮ್ ಬೇಕು. 40 ಎಂಎಂ ಚೌಕದ ಕಬ್ಬಿಣದ ಪೈಪ್, 2 ಎಂಎಂ ದಪ್ಪದ್ದು. ಗುಜರಿಯಿಂದ ಹಳೆಯ ಮಾರುತಿ 800ರ ಸೀಟು, ಹಿಂದೆ ಮುಂದೆ ಸರಿಯುವ ರೇಲ್ ಸಮೇತ. ವೆಲ್ಡಿಂಗಿಗೆ ಹೋಗುವ ಮುಂಚೆ ಸೀಟನ್ನು ನೆಲದ ಮೇಲಿಟ್ಟು, ಪೆಡಲ್ ಕೆಳಗೆ ಇಟ್ಟಿಗೆ ಕೊಟ್ಟು, ಕೂತು ನೋಡಿ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚೇ ಇರಬೇಕು. ಅಳತೆಯನ್ನು ಇಂಚಿನಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋಗಿ. ಬೋಲ್ಟ್ ಹಾಕುವ ಕಡೆಗಳಲ್ಲಿ ಗುಂಡು ತೂತಿನ ಬದಲು ಉದ್ದ ತೂತು ಮಾಡಿಸಿ, ತಮ್ಮನೋ ತಂಗಿಯೋ ಕೂತರೆ ಸರಿಸಿಕೊಳ್ಳಬಹುದು. ಪೈಪ್, ಕೂಲಿ, ಸೀಟು ಸೇರಿ 8 ಸಾವಿರ ಇಟ್ಟುಕೊಳ್ಳಿ. ಮನೆಯಲ್ಲಿ ಪಾಲಿಶ್ ಮಾಡಿದ ಶಹಾಬಾದ್ ಫರ್ಶಿ (ಕಲ್ಲಿನ ನೆಲಹಾಸು) ಇದ್ದರೆ ಕೆಳಗೆ ರಬ್ಬರ್ ಮ್ಯಾಟ್ ಬೇಕೇ ಬೇಕು. ಇಲ್ಲದಿದ್ದರೆ ಪ್ರತಿ ಬ್ರೇಕಿಗೂ ರಿಗ್ ಜಾರುತ್ತದೆ.

ಫ್ಲೈಟ್ ಬಗ್ಗೆ ಕೇಳುವಾಗ ನಿಮ್ಮ ಬೀದರಿನಲ್ಲೇ ನೆಲೆಸಿರುವ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣದ ಹೆಸರು ಬರೆದಿದ್ದೀರಿ. ನಿಮ್ಮ ತಲೆ ಮೇಲೇ ಆ ಹಾಕ್ ವಿಮಾನಗಳು ಹಾರುವಾಗ ಆಸೆ ಹುಟ್ಟದೇ ಇರುತ್ತಾ! ಹಾಕ್‌ನಲ್ಲಿ ಸ್ಟಿಕ್ ಎರಡು ಕಾಲುಗಳ ನಡುವೆ ಇರುತ್ತದೆ, ಎಂಜಿನ್ ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಎಡಗೈಗೆ. ನಿಮ್ಮ ಫ್ರೇಮಿನಲ್ಲೂ ಸ್ಟಿಕ್ಕನ್ನು ಹಾಗೇ ಇಡಿ. ಸೀಟಿನ ಮುಂದೆ ಎರಡು ಬೋಲ್ಟಿನಲ್ಲಿ ಕೂರುವ, ಬೇಡವಾದಾಗ ಬಿಚ್ಚಿಡುವ ಒಂದು ಪ್ಲೇಟ್ ವೆಲ್ಡ್ ಮಾಡಿಸಿ. ಅದರ ಮೇಲೆ ಥ್ರಸ್ಟ್‌ಮಾಸ್ಟರ್ ಟಿ.16000ಎಂ ಜಾಯ್‌ಸ್ಟಿಕ್ ಸಾಕು. ಅದರ ಸ್ಟಿಕ್‌ನಲ್ಲಿ ಆಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇದೆ, ಅಂದರೆ ಉಜ್ಜಿ ಸವೆಯುವ ಭಾಗ ಇಲ್ಲ. ತಿರುಚಿದರೆ ರಡ್ಡರ್ (ವಿಮಾನದ ಮೂಗನ್ನು ಎಡಬಲ ತಿರುಗಿಸುವ ಬಾಲದ ರೆಕ್ಕೆ), ಬುಡದಲ್ಲಿ ಚಿಕ್ಕ ಥ್ರಾಟಲ್. ಬೇರೆ ರಡ್ಡರ್ ಪೆಡಲ್ ಈಗ ಬೇಡ.

ಫ್ಲೈಟಿಗೆ ಸ್ಟಿಕ್‌ಗಿಂತ ಜಾಸ್ತಿ ಸಹಾಯ ಮಾಡುವುದು ತಲೆ ತಿರುಗಿಸಿ ನೋಡುವ ಸೌಲಭ್ಯ. ಓಪನ್‌ಟ್ರ್ಯಾಕ್ ಎಂಬ ಉಚಿತ ಸಾಫ್ಟ್‌ವೇರ್ ಸಾಮಾನ್ಯ ವೆಬ್‌ಕ್ಯಾಮ್‌ನಿಂದಲೇ ಮುಖ ಹಿಂಬಾಲಿಸುತ್ತದೆ, ನಿಮ್ಮ ತಲೆ ತಿರುಗಿದಂತೆ ಗೇಮಿನ ನೋಟವೂ ತಿರುಗುತ್ತದೆ. ಲ್ಯಾಂಡಿಂಗಿಗೆ ತಿರುಗುವಾಗ ರನ್‌ವೇ ಎಲ್ಲಿದೆ ಎಂದು ಎಡಕ್ಕೆ ತಲೆ ಸ್ವಲ್ಪ ತಿರುಗಿಸಿ ನೋಡಬಹುದು, ಅಲ್ವಾ? ಗೇಮಿಗೂ ದುಡ್ಡು ಹಾಕಬೇಕಿಲ್ಲ. ಫ್ಲೈಟ್‌ಗೇರ್ ಎಂಬ ವಿಮಾನ ಹಾರಿಸುವ ಗೇಮ್ ಪೂರ್ತಿ ಉಚಿತ. ಯುದ್ಧವಿಮಾನ ಬೇಕಾದರೆ ಡಿಸಿಎಸ್ ವರ್ಲ್ಡ್ ಎಂಬ ಗೇಮ್ ಉಚಿತವಾಗಿ ಸು-25ಟಿ ದಾಳಿ ವಿಮಾನ ಮತ್ತು ಆಯುಧವಿಲ್ಲದ ಟಿಎಫ್-51ಡಿ ತರಬೇತಿ ವಿಮಾನ ಕೊಡುತ್ತದೆ.

ಟಿವಿಯನ್ನು ಗೋಡೆಗೆ ಹಾಕಿ ದೂರದಿಂದ ನೋಡಬೇಡಿ. 32 ಇಂಚಿನ ಟಿವಿ ಸುಮಾರು 71 ಸೆಂ.ಮೀ. ಅಗಲ. ಕಣ್ಣಿನಿಂದ 60 ಸೆಂ.ಮೀ. ದೂರ ಇಟ್ಟರೆ ಅದು 61 ಡಿಗ್ರಿ ನೋಟ ತುಂಬುತ್ತದೆ, ಒಂದೂವರೆ ಮೀಟರ್ ದೂರ ಇಟ್ಟರೆ ಬರೀ 27. ವ್ಹೀಲಿನ ಹಿಂದೆಯೇ ನಿಲ್ಲಿಸಿ, ಗೇಮಿನ ಎಫ್‌ಒವಿಯನ್ನೂ (ತೆರೆ ತೋರಿಸುವ ನೋಟದ ಕೋನ) ಅದೇ ದೂರಕ್ಕೆ ಲೆಕ್ಕ ಹಾಕಿ ಹೊಂದಿಸಿ; ಅಸೆಟ್ಟೊ ಕೋರ್ಸಾ ಕೇಳುವುದು ಅಗಲದ ಕೋನವಲ್ಲ, ಎತ್ತರದ ಕೋನ. ವೇಗ ಮತ್ತು ತಿರುವಿನ ದೂರ ಆಗ ನಿಜವಾಗಿ ಅಂದಾಜಿಗೆ ಸಿಗುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಆನ್ ಮಾಡಿ.

ನಮ್ಮ ಕಡೆಯ ಬಿಸಿಲು, ಕರೆಂಟು ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇಸಿಗೆಯಲ್ಲಿ ಕೂಲರ್ ಗಾಳಿ ನೇರ ಪಿಸಿಗೆ ಬೀಳದಂತೆ ಇಡಿ, ನೀರಿನ ಹನಿ ಬರುತ್ತದೆ. ಗೇಮಿನ ಫ್ರೇಮ್ ರೇಟನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60ಕ್ಕೆ ಕಟ್ಟಿಹಾಕಿ. ಸಾಮಾನ್ಯ ಟಿವಿ ತೋರಿಸುವುದೇ ಅಷ್ಟು, ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಬಿಸಿಯಾಗುವುದು ತಪ್ಪುತ್ತದೆ. ಕರೆಂಟು ಹೋದಾಗ ವ್ಹೀಲಿನ ಪ್ಲಗ್ ತೆಗೆದುಬಿಡಿ. ಮತ್ತೆ ಬಂದಾಗ ಅದು ತಾನೇ ಜೋರಾಗಿ ತಿರುಗುತ್ತದೆ, ಮಕ್ಕಳ ಕೈ ಸಿಕ್ಕೀತು.

ಜಾಯ್‌ಸ್ಟಿಕ್ ಸೇರಿಸಿದರೂ ಇಷ್ಟಕ್ಕೆಲ್ಲ 40 ಸಾವಿರ ಪೂರ್ತಿ ಬೇಕಾಗಲಿಕ್ಕಿಲ್ಲ. ಉಳಿದದ್ದರಲ್ಲಿ ಪಿಸಿಗೆ ಒಂದು ಯುಪಿಎಸ್ ತಗೊಳ್ಳಿ. ನಿಮ್ಮ ಎತ್ತರ ಮತ್ತು ಕೋಣೆಯ ಅಳತೆ ತಿಳಿಸಿದರೆ ವೆಲ್ಡಿಂಗ್ ಅಂಗಡಿಗೆ ಕೊಡಲು ಫ್ರೇಮಿನ ಚಿತ್ರ ಬರೆದುಕೊಡುತ್ತೇನೆ.