ಬೋಟಿನಲ್ಲಿ ಬಾವುಟ ಇದ್ದರೆ ಡೈವರ್‌ಗೆ ಬೇರೆ ಎಸ್‌ಎಂಬಿ ಯಾಕೆ?

ಮುಂದಿನ ತಿಂಗಳು ಮೊದಲ ಸಲ ಬೋಟಿನಿಂದ ಡೈವ್ ಮಾಡುತ್ತೀರಿ, ಬೋಟಿನ ಮೇಲೆ ಡೈವಿಂಗ್ ಬಾವುಟ ಇರುತ್ತದೆ, ಹಾಗಿರುವಾಗ ಒಬ್ಬೊಬ್ಬರೂ ಎಸ್‌ಎಂಬಿ (ಸರ್ಫೇಸ್ ಮಾರ್ಕರ್ ಬಾಯ್, ಅಂದರೆ ಡೈವರ್ ಎಲ್ಲಿದ್ದಾನೆ ಅಂತ ನೀರಿನ ಮೇಲೆ ತೋರಿಸುವ ಗಾಳಿ ಚೀಲ) ಯಾಕೆ ಹೊತ್ತುಕೊಂಡು ಇಳಿಯಬೇಕು ಅಂತ ಕೇಳಿದ್ದೀರಿ. ಕೆಂಪು ಬಾವುಟಕ್ಕೂ ನೀಲಿ ಬಾವುಟಕ್ಕೂ ಏನು ವ್ಯತ್ಯಾಸ ಅಂತಲೂ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ: ಬಾವುಟ ಒಂದೇ ಸಾಲದು. ಅದು ಬೋಟ್ ಎಲ್ಲಿದೆ ಅಂತ ಹೇಳುತ್ತದೆ. ನೀವು ಎಲ್ಲಿ ತಲೆ ಎತ್ತುತ್ತೀರಿ ಅಂತ ಅದು ಹೇಳುವುದಿಲ್ಲ.

ನನಗೆ ಇದು ಅರ್ಥವಾಗಿದ್ದು ಒಂದೇ ಒಂದು ಡೈವ್‌ನಲ್ಲಿ. ನಮ್ಮ ಬೋಟ್ ಲಂಗರು ಹಾಕಿ ನಿಂತಿತ್ತು, ಬಾವುಟ ಚೆನ್ನಾಗಿಯೇ ಹಾರುತ್ತಿತ್ತು. ಕೆಳಗೆ ಸೆಳೆತ ಜಾಸ್ತಿ ಇತ್ತು, ನಾನೂ ನನ್ನ ಜೊತೆಗಾರನೂ ಬಂಡೆ, ಮೀನು ನೋಡುತ್ತಾ ಅದರ ಜೊತೆಯೇ ಸಾಗಿಬಿಟ್ಟೆವು. ಸಿಲಿಂಡರ್‌ನಲ್ಲಿ ಗಾಳಿ ಕಡಿಮೆಯಾದಾಗ ಸುತ್ತ ನೋಡಿದರೆ ಲಂಗರಿನ ಹಗ್ಗ ಎಲ್ಲೂ ಇಲ್ಲ. ಸರಿ, ಇಲ್ಲೇ ಮೇಲೆ ಹೋಗೋಣ ಅಂತ ಸನ್ನೆ ಮಾಡಿದೆ. 5 ಮೀಟರ್ ಆಳದಲ್ಲಿ 3 ನಿಮಿಷದ ಸೇಫ್ಟಿ ಸ್ಟಾಪ್ (ಪೂರ್ತಿ ಮೇಲೆ ಬರುವ ಮೊದಲು ಸುರಕ್ಷತೆಗಾಗಿ ನಿಲ್ಲುವುದು) ಮಾಡುತ್ತಾ ನಿಂತಿದ್ದಾಗ ಕಿವಿ ಹತ್ತಿರ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು ಶುರುವಾಯಿತು. ಅದು ಜೋರಾಗುತ್ತಾ ಬಂತು, ಆದರೆ ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗಲೇ ಇಲ್ಲ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ, ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಅದಕ್ಕೇ ಎರಡೂ ಕಿವಿಗೆ ಒಟ್ಟಿಗೇ ಬಡಿದ ಹಾಗಿರುತ್ತದೆ, ದಿಕ್ಕು ಸಿಗುವುದಿಲ್ಲ. ತಲೆ ಎತ್ತುವಷ್ಟರಲ್ಲಿ ಒಂದು ಬಿಳಿ ಬೋಟಿನ ತಳ ನಮ್ಮ ನೆತ್ತಿಯ ಮೇಲೆಯೇ ಹಾದುಹೋಯಿತು. ಹಿಂದೆ ಪ್ರೊಪೆಲ್ಲರ್‌ನ ನೊರೆ, ಹಗ್ಗ ಎಳೆದ ಹಾಗೆ ಉದ್ದಕ್ಕೆ. ಆ ನೊರೆ ಪೂರ್ತಿ ಕರಗುವವರೆಗೂ ಜೊತೆಗಾರ ನನ್ನ ತೋಳು ಬಿಡಲಿಲ್ಲ.

ನಮ್ಮ ಬೋಟಿಗೆ ವಾಪಸ್ ಬಂದ ಮೇಲೆ ಮೇಲಿದ್ದವರು ಹೇಳಿದ ಮಾತು ಇದು: ಆ ಬೋಟಿನವನು ಬಾವುಟ ನೋಡಿದ್ದ. ನೋಡಿ, ಮರ್ಯಾದೆಯಿಂದ ದೂರ ಸುತ್ತು ಹಾಕಿಕೊಂಡೇ ಹೋಗಿದ್ದ. ಆ ಸುತ್ತಿನ ದಾರಿಯಲ್ಲೇ ನಾವಿದ್ದೆವು. ಅವನ ತಪ್ಪು ಏನೂ ಇಲ್ಲ. ಬಾವುಟದಿಂದ ಅಷ್ಟು ದೂರ ಹೋಗಿ, ಗುರುತೇ ಇಲ್ಲದೆ ಮೇಲೆ ಬರಲು ಹೊರಟಿದ್ದು ನಾವು.

ಈಗ ಬಾವುಟದ ವಿಷಯ. ಕೆಂಪು ಬಣ್ಣದ ಮೇಲೆ ಮೂಲೆಯಿಂದ ಮೂಲೆಗೆ ಬಿಳಿ ಪಟ್ಟೆ ಇರುವುದು ಡೈವರ್‌ಗಳ ಬಾವುಟ. 1956ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡೆನ್ಜೆಲ್ ಡಾಕರಿ ಅನ್ನುವವರು ಶುರು ಮಾಡಿದ್ದು. ಕೆಳಗೆ ಮನುಷ್ಯರಿದ್ದಾರೆ, ದೂರ ಇರಿ ಅನ್ನುವುದಷ್ಟೇ ಅದರ ಅರ್ಥ. ಬೋಟಿನ ಮೇಲೂ ಹಾಕಬಹುದು, ನೀರಿನಲ್ಲಿ ತೇಲುವ ಬುರುಡೆಗೆ ಸಿಕ್ಕಿಸಿ ನಿಮ್ಮ ಜೊತೆಗೇ ಎಳೆದುಕೊಂಡೂ ಹೋಗಬಹುದು. ಇನ್ನೊಂದು ಆಲ್ಫಾ ಬಾವುಟ. ಕೋಲಿನ ಕಡೆ ಬಿಳಿ, ಆಚೆ ನೀಲಿ, ತುದಿ ಮೀನಿನ ಬಾಲದ ಹಾಗೆ ಕತ್ತರಿಸಿರುತ್ತದೆ. ಇದು ಹಡಗುಗಳ ಅಂತರರಾಷ್ಟ್ರೀಯ ಸಂಕೇತದ್ದು. 'ನನ್ನ ಡೈವರ್ ನೀರಿನಲ್ಲಿದ್ದಾನೆ, ನಿಧಾನವಾಗಿ ದೂರದಿಂದ ಹೋಗಿ' ಅಂತ ಬೋಟ್ ಹೇಳುತ್ತಿದೆ ಅಂತ ಅರ್ಥ. ಅಂದರೆ ಆ ಬೋಟ್ ಈಗ ಸುಲಭವಾಗಿ ಪಕ್ಕಕ್ಕೆ ಸರಿಯಲಾರದು, ದಾರಿ ಬಿಡಬೇಕಾದವರು ನೀವು ಅಂತ. ಸಣ್ಣ ಬೋಟುಗಳಲ್ಲಿ ಇದನ್ನು ಬಟ್ಟೆಯಲ್ಲಿ ಹಾಕಿದರೆ ಸಾಲದು, ಕನಿಷ್ಠ 1 ಮೀಟರ್ ಎತ್ತರದ ಗಟ್ಟಿ ಹಲಗೆಯ ಥರ ಇರಬೇಕು, ಎಲ್ಲ ಕಡೆಯಿಂದ ಕಾಣಬೇಕು ಅಂತ ಸಮುದ್ರ ಸಂಚಾರದ ನಿಯಮವೇ ಹೇಳುತ್ತದೆ. ಗಾಳಿ ನಿಂತರೆ ಬಟ್ಟೆ ಕೋಲಿಗೆ ಸುತ್ತಿಕೊಂಡು ಒಣಗಲು ಹಾಕಿದ ಟವೆಲ್ ಥರ ಕಾಣುತ್ತದೆ, ಅದಕ್ಕೇ. ರಾತ್ರಿಯಾದರೆ ಮೇಲಿಂದ ಕೆಳಗೆ ಕೆಂಪು, ಬಿಳಿ, ಕೆಂಪು ದೀಪ. ಎರಡೂ ಬಾವುಟ ಒಟ್ಟಿಗೆ ಹಾಕುವ ಬೋಟುಗಳು ಬೇಕಾದಷ್ಟಿವೆ, ಅದೇ ಒಳ್ಳೆಯದು.

ಬೇರೆ ಬೋಟುಗಳು ಬಾವುಟದಿಂದ ಎಷ್ಟು ದೂರ ಇರಬೇಕು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಉದಾಹರಣೆಗೆ ಫ್ಲಾರಿಡಾದಲ್ಲಿ ತೆರೆದ ನೀರಿನಲ್ಲಿ 300 ಅಡಿ, ನದಿ ಮತ್ತು ಕಾಲುವೆಯಲ್ಲಿ 100 ಅಡಿ. ಬೋಟ್ ಅದಕ್ಕಿಂತ ಹತ್ತಿರ ಬರಲೇಬೇಕಾದರೆ ತೆವಳುವ ವೇಗದಲ್ಲಿ ಬರಬೇಕು, ಡೈವರ್ ಕೂಡ ಬಾವುಟದಿಂದ ಅಷ್ಟರೊಳಗೇ ಮೇಲೆ ಬರಬೇಕು. 300 ಅಡಿ ಅಂದರೆ ಸುಮಾರು 90 ಮೀಟರ್. ಕೇಳುವುದಕ್ಕೆ ಜಾಸ್ತಿ ಅನ್ನಿಸುತ್ತದೆ ಅಲ್ವಾ? 20 ನಾಟ್ ವೇಗದ ಬೋಟ್ ಸೆಕೆಂಡಿಗೆ ಸುಮಾರು 10 ಮೀಟರ್ ಹೋಗುತ್ತದೆ. ಲೆಕ್ಕ ಹಾಕಿ, 9 ಸೆಕೆಂಡ್. ಅಷ್ಟರಲ್ಲಿ ಅಲೆಗಳ ಮಧ್ಯೆ ತೆಂಗಿನಕಾಯಿ ಗಾತ್ರದ ಕಪ್ಪು ತಲೆ, ಅದೂ ಬಿಸಿಲು ಎದುರಿಗೆ ಹೊಡೆಯುತ್ತಿರುವಾಗ, ಅವನಿಗೆ ಕಾಣಬೇಕು.

ಅದಕ್ಕೇ ಎಸ್‌ಎಂಬಿ. ಗಾಳಿ ತುಂಬಿದರೆ ಆಳೆತ್ತರಕ್ಕೆ ನಿಲ್ಲುವ ಕಿತ್ತಳೆ ಅಥವಾ ಕೆಂಪು ಬಣ್ಣದ ಉದ್ದ ಚೀಲ, ಕೆಳಗೆ ದಾರ, ದಾರಕ್ಕೆ ರೀಲ್. ಶುರುವಿನಿಂದಲೇ ಮೇಲೆ ತೇಲಿಸಿಕೊಂಡು ಹೋಗುವುದು ಒಂದು ಬಗೆ. ಡೈವ್ ಮುಗಿಯುವಾಗ ಕೆಳಗಿನಿಂದ ಉಬ್ಬಿಸಿ ಮೇಲಕ್ಕೆ ಬಿಡುವುದು ಇನ್ನೊಂದು, ಅದನ್ನು ಡಿಎಸ್‌ಎಂಬಿ ಅನ್ನುತ್ತಾರೆ. ನಿಮಗೆ ಎರಡನೆಯದು ಬೇಕು, ಮತ್ತು ಇಬ್ಬರಿಗೊಂದು ಅಲ್ಲ, ಒಬ್ಬೊಬ್ಬರಿಗೆ ಒಂದೊಂದು. ಬೇರೆಯಾಗಿಬಿಟ್ಟಾಗಲೇ ಅಲ್ವಾ ಅದು ಜಾಸ್ತಿ ಬೇಕಾಗುವುದು.

ಬಿಡುವಾಗ ಹುಷಾರು. ಚೀಲ ಪೂರ್ತಿ ತುಂಬಿಸಲು ಹೋಗಬೇಡಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಹಾಗಾಗಿ ಅಲ್ಲಿ ಅರ್ಧ ತುಂಬಿಸಿದ ಗಾಳಿ ಮೇಲೆ ಹೋಗುವಷ್ಟರಲ್ಲಿ ಚೀಲದ ತುಂಬಾ ಆಗುತ್ತದೆ. 20 ಮೀಟರ್‌ನಲ್ಲಿ ಮೂರನೇ ಒಂದು ಭಾಗ ಸಾಕು. ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬಿಡುವ ಹೊತ್ತಿನಲ್ಲಿ ರೀಲನ್ನು ಮೈಮೇಲಿನ ಕೊಕ್ಕೆಗೆ ಸಿಕ್ಕಿಸಿಕೊಳ್ಳಲೇಬೇಡಿ. ರೀಲ್ ಸಿಕ್ಕಿಹಾಕಿಕೊಂಡರೆ ಚೀಲ ನಿಮ್ಮನ್ನೂ ಎಳೆದುಕೊಂಡು ಮೇಲಕ್ಕೆ ಹೋಗುತ್ತದೆ, ಶ್ವಾಸಕೋಶಕ್ಕೆ ಅಪಾಯ. ದಾರ ಬಿಗಿಯಾಯಿತು ಅನ್ನಿಸಿದರೆ ರೀಲ್ ಬಿಟ್ಟುಬಿಡಿ. ರೀಲ್ ಹೋದರೆ ಇನ್ನೊಂದು ಕೊಳ್ಳಬಹುದು.

ಜಾಸ್ತಿ ಜನ ಮರೆಯುವ ವಿಷಯ ಇನ್ನೊಂದಿದೆ. ಚೀಲ ಮೇಲೆ ಹೋದ ಮೇಲೆ ದಾರ ಸಡಿಲ ಬಿಟ್ಟರೆ ಅದು ನೀರಿನ ಮೇಲೆ ಅಡ್ಡ ಮಲಗುತ್ತದೆ, ದೂರದಿಂದ ಯಾರಿಗೂ ಕಾಣುವುದಿಲ್ಲ. ಕೆಳಗಿನಿಂದ ದಾರ ಸ್ವಲ್ಪ ಎಳೆದು ಹಿಡಿದಿರಿ, ಆಗ ನೆಟ್ಟಗೆ ನಿಲ್ಲುತ್ತದೆ. ಸೇಫ್ಟಿ ಸ್ಟಾಪ್ ಪೂರ್ತಿ ಹಾಗೇ ಹಿಡಿದಿರಿ, ಮೇಲಿರುವ ಬೋಟುಗಳಿಗೆ ನಿಮ್ಮನ್ನು ಗಮನಿಸಲು ಅಷ್ಟು ಹೊತ್ತು ಸಿಕ್ಕ ಹಾಗಾಯಿತು. ಆಮೇಲೆ ಸುತ್ತ ಒಂದು ಸಲ ತಿರುಗಿ, ಮೇಲೆ ನೋಡುತ್ತಾ, ಕಿವಿ ಕೊಟ್ಟು, ನಿಧಾನಕ್ಕೆ ಹೋಗಿ. ಎಂಜಿನ್ ಸದ್ದು ಹತ್ತಿರವಾಗುತ್ತಿದ್ದರೆ, ಸಿಲಿಂಡರ್‌ನಲ್ಲಿ ಗಾಳಿ ಇರುವವರೆಗೂ ಅಲ್ಲೇ ನಿಲ್ಲಿ.

ನಿಮ್ಮ ಬೋಟಿನವರಿಗೂ ಎರಡು ಮಾತು ಹೇಳಿ. ಎಲ್ಲರೂ ಮೇಲೆ ಬಂದ ಮೇಲೆ ಬಾವುಟ ಇಳಿಸಬೇಕು. ಇಡೀ ದಿನ ಸುಮ್ನೆ ಹಾರುತ್ತಿದ್ದರೆ ಸುತ್ತಲಿನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತಾರೆ. ಮತ್ತೆ, ಡೈವರ್ ಏಣಿ ಹತ್ತಿರ ಬಂದಾಗ ಎಂಜಿನ್ ನ್ಯೂಟ್ರಲ್‌ನಲ್ಲಿದ್ದರೂ ಸಾಲದು ಅಂತ ನನಗನ್ನಿಸುತ್ತದೆ, ಆರಿಸಿಬಿಡಲಿ.

ಎಸ್‌ಎಂಬಿಯನ್ನು ಸಮುದ್ರದಲ್ಲೇ ಮೊದಲ ಸಲ ಬಿಚ್ಚಬೇಡಿ. ಇನ್ನೂ ಒಂದು ತಿಂಗಳಿದೆಯಲ್ಲ, ಈಜುಕೊಳದಲ್ಲಿ, ತಿಳಿದವರು ಪಕ್ಕದಲ್ಲಿರುವಾಗ, ಕನಿಷ್ಠ ಹತ್ತು ಸಲ ಬಿಟ್ಟು ನೋಡಿ. ಮೊದಲ ಮೂರು ಸಲ ದಾರ ಗೋಜಲಾಗುತ್ತದೆ, ನಾಲ್ಕನೆಯ ಸಲ ಕೈಗೆ ಅಭ್ಯಾಸ ಬರುತ್ತದೆ.